ಕವಣೆಯ ಹುರಿ

ಜೋಳ ಹಾಲುಗಾಳಿಗೆ ಬಂತೆಂದರೆ ಮುಂದಿನ ಹದಿನೈದು–ಇಪ್ಪತ್ತು ದಿನ ಹೊಲ ಬಿಟ್ಟು ಕದಲುವ ಹಾಗಿರಲಿಲ್ಲ. ನಸುಕಿನಲ್ಲಿ ಹಕ್ಕಿ ಇಳಿಯುವ ಮೊದಲೇ ಮಂಚಿಕೆ ಏರಬೇಕು. ಬಿಸಿಲೇರಿ ಹಕ್ಕಿಗಳು ಗಿಡದ ನೆರಳಿಗೆ ಹೋದ ಮೇಲೆ ಇಳಿದು ಬುತ್ತಿ ಬಿಚ್ಚಬೇಕು. ಇಳಿಹೊತ್ತಿಗೆ ಮತ್ತೆ ಏರಬೇಕು. ನಾಲ್ಕು ಕಂಬ ನೆಟ್ಟು, ಅಡ್ಡಗಟ್ಟಿಗೆ ಹಾಕಿ, ಮೇಲೆ ಕಣಿಕೆ ಹಾಸಿದ ಆ ಮಂಚಿಕೆಯ ಮೇಲೆ ನಮ್ಮ ಮುತ್ಯಾ ನಿಂತಿರುತ್ತಿದ್ದ. ಕೈಯಲ್ಲಿ ಕವಣೆ, ಕಾಲ ಬಳಿ ಹಳೆಯ ಬುಟ್ಟಿ ತುಂಬ ಎರಿಮಣ್ಣಿನ ಉಂಡೆ. ಚಳಿಗಾಲಕ್ಕೆಂದು ಮಧ್ಯ ಏಷ್ಯಾದ ಕಡೆಯಿಂದ ಬರುವ ಗುಲಾಬಿ ಕಬ್ಬಕ್ಕಿಗಳ ಹಿಂಡು ಹೊಲದ ಆಚೆ ಅಂಚಿಗೆ ಮೋಡದ ಹಾಗೆ ಇಳಿಯಿತೆಂದರೆ, ಮುತ್ಯಾ ಕವಣೆಯನ್ನು ತಲೆಯ ಮೇಲೆ ಒಂದು ಸುತ್ತು ತಿರುಗಿಸುತ್ತಿದ್ದ. ಒಂದೇ ಸುತ್ತು. ಕವಣೆಯ ಬಾಲ ಛಟ್ಟೆಂದು ಸಿಡಿಯುತ್ತಿತ್ತು, ಉಂಡೆ ಹಿಂಡಿನ ಮೇಲಿನಿಂದ ಗುಂಯ್ಯೆಂದು ಹಾಯುತ್ತಿತ್ತು, ಹಿಂಡು ಎದ್ದು ಹೋಗುತ್ತಿತ್ತು. ಒಂದು ಹಕ್ಕಿಯೂ ಸತ್ತದ್ದನ್ನು ನಾನು ನೋಡಿಲ್ಲ. ಮುತ್ಯಾನಿಗೆ ಬೇಕಾದದ್ದು ಕಾಳು ಉಳಿಯುವುದು, ಅಷ್ಟೇ.

ಆ ಕವಣೆಯಲ್ಲಿ ಪೇಟೆಯಿಂದ ತಂದದ್ದು ಏನೂ ಇರಲಿಲ್ಲ. ನಾರು ಹೊಲದ ಬದುವಿನದು, ಉಂಡೆ ಹೊಲದ ಮಣ್ಣಿನದು, ಉಳಿದದ್ದೆಲ್ಲ ಮುತ್ಯಾನ ಅಂಗೈ ಮತ್ತು ತೊಡೆಯ ಕೆಲಸ. ಚಾಕು ಕೂಡ ಬೇಕಾಗಿರಲಿಲ್ಲ.

ಕಾಡಿನಲ್ಲಿ ಬರಿಗೈಯಲ್ಲಿ ಸಿಕ್ಕಿಕೊಂಡ ಮನುಷ್ಯ ಹೊಟ್ಟೆಗಾಗಿ ಏನೇನು ಮಾಡಿಕೊಳ್ಳಬಲ್ಲ ಎಂದು ಲೆಕ್ಕ ಹಾಕಿದರೆ ದೊಡ್ಡ ಪಟ್ಟಿಯೇ ಆಗುತ್ತದೆ: ಬೆಂಕಿಯಲ್ಲಿ ಸುಟ್ಟು ಮೊನೆ ಗಟ್ಟಿ ಮಾಡಿದ ಈಟಿ, ಎಸೆಗೋಲು, ಬಳ್ಳಿಯ ಉರುಳು, ಬಿದಿರಿನ ಕೂಳಿ, ಬಿಲ್ಲು. ಬಿಲ್ಲಿನ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಬಿಲ್ಲಿಗೆ ಜಾತಿಮರ ಬೇಕು, ಆ ಮರ ಹದವಾಗಿ ಒಣಗಬೇಕು, ಬಾಣ ನೆಟ್ಟಗಿರಬೇಕು, ಹಿಂದೆ ಗರಿ ಬೇಕು, ಮುಂದೆ ಮೊನೆ ಬೇಕು. ಕವಣೆಗೆ ಬೇಕಾದದ್ದು ಒಂದು ಮಾರು ಹುರಿ, ನಡುವೆ ಕಲ್ಲು ಕೂಡುವ ಒಂದು ಅಗಲ ಜಾಗ. ಬಳಸದಿದ್ದಾಗ ಅದನ್ನು ತಲೆಗೆ ಸುತ್ತಿಕೊಳ್ಳಬಹುದು, ಸೊಂಟಕ್ಕೆ ಕಟ್ಟಿಕೊಳ್ಳಬಹುದು, ಹೊರೆ ಬಿಗಿಯಬಹುದು. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ದೂರ ಮುಟ್ಟುವ ಆಯುಧ ಇನ್ನೊಂದಿಲ್ಲ. ಮತ್ತು ಅದರ ಜೀವವೆಲ್ಲ ಇರುವುದು ಕಲ್ಲಿನಲ್ಲಲ್ಲ, ಹುರಿಯಲ್ಲಿ.

ಹುರಿ ಎಂದರೇನು ಎಂಬುದನ್ನು ನಾನು ತಿಳಿದದ್ದು ಕಟ್ಟೆಯ ಮೇಲೆ ಮುತ್ಯಾನ ಪಕ್ಕ ಕೂತು. ಆತ ಪುಂಡಿನಾರಿನ ಒಂದು ಎಳೆ ತೆಗೆದು ನನ್ನ ಕೈಗೆ ಕೊಟ್ಟು, ಎರಡೂ ತುದಿ ಹಿಡಿದು ಒಂದೇ ದಿಕ್ಕಿಗೆ ತಿರುಚುತ್ತಾ ಹೋಗಲು ಹೇಳಿದ. ತಿರುಚಿದೆ. ಎಳೆ ಬಿಗಿಯಾಯಿತು, ಇನ್ನೂ ತಿರುಚಿದಾಗ ಗುಂಗುರು ಗುಂಗುರಾಗಿ ಮುದುಡತೊಡಗಿತು. ‘ಈಗ ಬಿಡು’ ಅಂದ. ಬಿಟ್ಟ ಕೂಡಲೇ ಎಳೆ ಗಿರ್ರನೆ ಬಿಚ್ಚಿಕೊಂಡು ಮತ್ತೆ ಬರೀ ನಾರಾಯಿತು.

‘ಒಬ್ಬಾತನ ಮಾಡಿದ್ರ ಹಿಂಗ ಆಗತೈತಿ ತಮ್ಮಾ. ಜೋಡಿ ಬೇಕು. ಇಬ್ಬರೂ ಒಂದ ಕಡೆ ತಿರುಗಬೇಕು, ಕೂಡೂ ಮುಂದ ಉಲ್ಟಾ ತಿರುಗಬೇಕು. ಬಿಚ್ಚಾಕ ಹೋದ್ರ ಒಬ್ಬಂವ ಇನ್ನೊಬ್ಬನ್ನ ಬಿಗೀತಾನ.’

‘ಯಾವ ಕಡೆ ತಿರುವಲಿ ಮುತ್ಯಾ?’

‘ಯಾವ ಕಡೀಗಾದ್ರೂ ತಿರುವು. ಕೂಡಿಸೂ ಮುಂದ ಮಾತ್ರ ಎದುರು ಕಡೆ.’

ಇಷ್ಟೇ ಗುಟ್ಟು. ಧೋತರ ಮೇಲೆ ಸರಿಸಿ, ಬಲತೊಡೆಗೆ ನೀರು ಸವರಿಕೊಂಡು, ಎರಡು ಎಳೆಗಳನ್ನು ಪಕ್ಕಪಕ್ಕಕ್ಕೆ, ಒಂದಕ್ಕೊಂದು ತಾಗದಂತೆ ತೊಡೆಯ ಮೇಲಿಡುತ್ತಿದ್ದ. ಎರಡೂ ಸೇರುವ ತುದಿ ಎಡಗೈಯಲ್ಲಿ. ಬಲ ಅಂಗೈಯನ್ನು ಎಳೆಗಳ ಮೇಲೆ ಒತ್ತಿ ಮಂಡಿಯ ಕಡೆಗೆ ಒಮ್ಮೆ ಜೋರಾಗಿ ಉಜ್ಜಿದರೆ ಎರಡೂ ಬೇರೆ ಬೇರೆಯಾಗಿ ಒಂದೇ ದಿಕ್ಕಿಗೆ ಹುರಿಗೊಳ್ಳುತ್ತಿದ್ದವು. ಆಮೇಲೆ ಎರಡನ್ನೂ ಕೂಡಿಸಿ, ಅದೇ ಅಂಗೈಯನ್ನು ಸೊಂಟದ ಕಡೆಗೆ ಹಿಂದಕ್ಕೆಳೆದರೆ ಎರಡೂ ಸೇರಿ ಎದುರು ದಿಕ್ಕಿಗೆ ಸುತ್ತಿಕೊಂಡು ಒಂದಾಗುತ್ತಿದ್ದವು. ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ, ಪ್ರತಿ ಸಲಕ್ಕೂ ನಾಲ್ಕು ಬೆರಳು ಹುರಿ. ಆ ಅಂಗೈಯ ಓಟಕ್ಕೆ ಒಂದು ಲಯವಿತ್ತು. ಬೀಸುಕಲ್ಲಿನ ಮುಂದೆ ಕೂತ ಅವ್ವನ ತೋಳಿಗೆ ಇರುವಂಥದ್ದು. ಮಾತಾಡುತ್ತಲೇ ಮಾಡುತ್ತಿದ್ದ, ಕೈಯ ಕಡೆ ನೋಡುತ್ತಿರಲಿಲ್ಲ.

ನಾರಿನ ಎಳೆ ಎಷ್ಟು ಉದ್ದವಿದ್ದರೂ ಒಂದು ಕಡೆ ಮುಗಿಯಲೇಬೇಕು. ಅಲ್ಲಿ ಹೊಸ ನಾರು ಕೂಡಿಸಬೇಕು, ಗಂಟು ಹಾಕದೆ. ಗಂಟು ಹಾಕಿದರೆ ಅದೇ ಜಾಗದಲ್ಲಿ ಹುರಿ ಹರಿಯುತ್ತದೆ. ಮುತ್ಯಾ ಮುಗಿಯಲು ಬಂದ ಎಳೆಯ ತುದಿಯನ್ನು ಉಗುರಿನಿಂದ ಸೀಳಿ ತೆಳ್ಳಗೆ ಮಾಡಿ, ಹೊಸ ನಾರಿನ ತುದಿಯನ್ನೂ ಹಾಗೇ ತೆಳ್ಳಗೆ ಮಾಡಿ, ಒಂದು ಗೇಣು ಜೊತೆಜೊತೆಗೆ ಓಡಿಸಿ ಹೊಸೆದುಬಿಡುತ್ತಿದ್ದ. ಎರಡು ಎಳೆಗಳೂ ಒಂದೇ ಜಾಗದಲ್ಲಿ ಮುಗಿಯಬಾರದು ಎಂಬುದು ಇದರ ಕಟ್ಟುನಿಟ್ಟಾದ ನಿಯಮ. ಅದಕ್ಕೇ ಮೊದಲ ಸಲ ನಾರನ್ನು ನಡುವಿಗೆ ಸರಿಯಾಗಿ ಮಡಚದೆ, ಒಂದು ಮಗ್ಗುಲು ಉದ್ದ, ಒಂದು ಮಗ್ಗುಲು ಗಿಡ್ಡ ಬಿಟ್ಟು ಶುರು ಮಾಡುತ್ತಿದ್ದ. ಒಂದು ಎಳೆಯಲ್ಲಿ ಸೇರಿಕೆ ಬಂದಾಗ ಇನ್ನೊಂದು ಎಳೆ ಗಟ್ಟಿಯಾಗಿ ನಿಂತಿರುತ್ತದೆ.

ಮೊಳದುದ್ದದ ನಾರುಗಳು ಸೇರಿ ಎಷ್ಟು ಮಾರಿನ ಹಗ್ಗವಾದರೂ ಆಗುವುದು ಹೇಗೆ? ಅಂಟಿಲ್ಲ, ಹೊಲಿಗೆಯಿಲ್ಲ. ಹುರಿಯನ್ನು ಜಗ್ಗಿದಷ್ಟೂ ಸುರುಳಿಯಾಗಿ ಸುತ್ತಿದ ನಾರುಗಳು ಒಂದನ್ನೊಂದು ಒಳಕ್ಕೆ ಅಮುಕುತ್ತವೆ. ಅಮುಕಿದಷ್ಟೂ ಅವುಗಳ ನಡುವಿನ ತಿಕ್ಕಾಟ ಹೆಚ್ಚುತ್ತದೆ, ಯಾವ ನಾರೂ ಜಾರಿ ಹೊರಬರುವುದಿಲ್ಲ. ಬಿಡಿಸಲು ಹಾಕಿದ ಬಲವೇ ಬಿಗಿಯಲು ಒದಗುತ್ತದೆ. ನಮ್ಮ ಭಾಷೆ ಈ ಮಾತನ್ನು ಎಂದೋ ತಿಳಿದುಕೊಂಡಿದೆ. ಗಟ್ಟಿಮುಟ್ಟಾದ ಆಳನ್ನು ನೋಡಿ ‘ಹುರಿಗಟ್ಟಿದ ಮೈ’ ಅನ್ನುತ್ತೇವೆ. ಸೋತವನಿಗೆ ಧೈರ್ಯ ಕೊಡುವುದು ‘ಹುರಿದುಂಬಿಸುವುದು’. ಇನ್ನು ತಿರುಚುವ ಕೆಲಸಕ್ಕೆ ಕನ್ನಡದಲ್ಲಿರುವ ಪದಗಳೇ ಎಷ್ಟು: ಹೊಸೆ, ನುಲಿ, ಹುರಿ ಮಾಡು, ತಿರುಚು, ಹೆಣೆ. ಹನ್ನೆರಡನೆಯ ಶತಮಾನದಲ್ಲಿ ಹುಲ್ಲು ಕೊಯ್ದು ತಂದು, ಹಗ್ಗ ನುಲಿದು, ಮಾರಿ ಬಂದದ್ದರಲ್ಲಿ ದಾಸೋಹ ಮಾಡಿದ ಶರಣನ ಹೆಸರೇ ನುಲಿಯ ಚಂದಯ್ಯ. ಕಾಯಕದ ಹೆಸರೇ ಆತನ ಹೆಸರಿನ ಮುಂದೆ ನಿಂತಿತು.

ಈ ವಿದ್ಯೆ ನಮ್ಮ ಪ್ರಭೇದದ ಮನುಷ್ಯರಿಂದ ಹೊರಗೂ ಇತ್ತೆಂಬುದು 2020ರಲ್ಲಿ ಗೊತ್ತಾಯಿತು. ಫ್ರಾನ್ಸಿನ ಅಬ್ರಿ ದು ಮಾರಾ ಎಂಬ ಕಲ್ಲಾಸರೆಯಲ್ಲಿ ಸಿಕ್ಕ ಒಂದು ಕಲ್ಲಿನ ಚಕ್ಕೆಗೆ ಅಂಟಿಕೊಂಡಿದ್ದ, 6 ಮಿಲಿಮೀಟರ್‌ಗಿಂತ ತುಸು ಉದ್ದದ ಒಂದು ಹುರಿಯ ತುಣುಕು ಸೂಕ್ಷ್ಮದರ್ಶಕದ ಕೆಳಗೆ ಕಂಡಿತು. ಮರದ ಒಳತೊಗಟೆಯ ನಾರು. ಮೂರು ಎಳೆ, ಮೂರೂ ಒಂದು ದಿಕ್ಕಿಗೆ ಹೊಸೆದವು, ಮೂರನ್ನೂ ಕೂಡಿಸಿದ್ದು ಎದುರು ದಿಕ್ಕಿಗೆ. ಕಾಲ ಈಗಿನಿಂದ 41,000ದಿಂದ 52,000 ವರ್ಷದ ಹಿಂದೆ. ಮಾಡಿದವರು ನಿಯಾಂಡರ್ತಾಲ್ ಮನುಷ್ಯರು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಮುತ್ಯಾನ ಮಾತೇ: ಕೂಡಿಸುವಾಗ ಮಾತ್ರ ಎದುರು ಕಡೆ.

ನಾರಿನ ವಿಚಾರಕ್ಕೆ ಬರೋಣ. ಬಯಲುಸೀಮೆಯಲ್ಲಿ ಪುಂಡಿಯೇ ಮೊದಲು. ಎಳೆ ಸೊಪ್ಪು ಪಲ್ಯಕ್ಕೆ, ಬಲಿತ ಕಡ್ಡಿ ನಾರಿಗೆ. ಹಳದಿ ಹೂವಿನ ನಡುವೆ ಕಡುಗೆಂಪು ಕಣ್ಣು ಬಿಡುವ ಹೊತ್ತಿಗೆ ಗಿಡ ಕೊಯ್ಯಬೇಕು. ಬೀಜ ಬಲಿತ ಮೇಲೆ ಕೊಯ್ದರೆ ನಾರು ಒರಟು. ಸಿವುಡು ಕಟ್ಟಿ, ನಿಂತ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ ಹತ್ತು–ಹದಿನೈದು ದಿನ ಕೊಳೆಹಾಕಬೇಕು. ನಾರನ್ನು ಕಟ್ಟಿಗೆಗೆ ಅಂಟಿಸಿರುವ ಅಂಟು ಪದಾರ್ಥವನ್ನು ನೀರಿನ ಸೂಕ್ಷ್ಮಜೀವಿಗಳು ತಿಂದುಹಾಕುತ್ತವೆ. ಕೆಟ್ಟ ವಾಸನೆ ಬರುತ್ತದೆ, ಬರಲೇಬೇಕು. ದಿನ ಕಡಿಮೆಯಾದರೆ ನಾರು ಸುಲಿಯುವುದಿಲ್ಲ, ಹೆಚ್ಚಾದರೆ ನಾರೇ ಕೊಳೆತು ಬಲ ಕಳೆದುಕೊಳ್ಳುತ್ತದೆ. ಬುಡದ ತೊಗಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಕಡ್ಡಿಯಿಂದ ಅದು ಜಾರಿಬಂದರೆ ಹದ ಬಂತು. ಆಮೇಲೆ ಸುಲಿದು, ಹರಿವ ನೀರಲ್ಲಿ ಜಾಲಿಸಿ, ಬೇಲಿಯ ಮೇಲೆ ಒಣಗಹಾಕಿದರೆ ಬಂಗಾರದ ಬಣ್ಣದ ನಾರು.

ಹದಿನೈದು ದಿನ ಕಾಯಲು ಆಗದವನಿಗೆ, ಕೆರೆಯೂ ಇಲ್ಲದವನಿಗೆ ಎಕ್ಕವಿದೆ. ಪಾಳುಭೂಮಿಯಲ್ಲಿ ಯಾರೂ ಮುಟ್ಟದೆ ಬೆಳೆದ ಎಕ್ಕದ ಕಾಂಡವನ್ನು ಒಂದೆರಡು ದಿನ ಬಾಡಿಸಿ, ಕಲ್ಲಿನಿಂದ ಮೆಲ್ಲಗೆ ಜಜ್ಜಿ, ತೊಗಟೆ ಬಿಡಿಸಿದರೆ ಒಳಗೆ ರೇಷ್ಮೆಯಂಥ ಬಿಳಿ ನಾರು ಸಿಗುತ್ತದೆ. ಹಿಂದೆ ಬಿಲ್ಲಿನ ಹೆದೆಗೆ, ಮೀನಿನ ಗಾಳದ ದಾರಕ್ಕೆ ಇದನ್ನೇ ಬಳಸುತ್ತಿದ್ದರು ಎಂದರೆ ಇದರ ಗಟ್ಟಿತನ ಊಹಿಸಿಕೊಳ್ಳಿ. ಹಾಲು ಮಾತ್ರ ಕಣ್ಣಿಗೆ ಬೀಳಬಾರದು. ಕೈ ತೊಳೆಯದೆ ಮುಖ ಮುಟ್ಟಬಾರದು. ಕುರುಚಲು ಕಾಡಿನಲ್ಲಾದರೆ ಎಡಮುರಿ ಗಿಡ. ಅದರ ಕಾಯಿಯೇ ಹುರಿ ಹಾಕಿದ ಹಗ್ಗದ ಹಾಗೆ ಸುರುಳಿಯಾಗಿ ತಿರುಚಿಕೊಂಡಿರುತ್ತದೆ, ಹೆಸರು ಬಂದದ್ದು ಅದರಿಂದ. ಅದೇ ಗಿಡದ ತೊಗಟೆಯಿಂದ ಒಳ್ಳೆಯ ಹಗ್ಗವೂ ಆಗುತ್ತದೆ. ಏನು ಹೊಸೆಯಬೇಕೆಂದು ಗಿಡವೇ ಕಾಯಿ ಹಿಡಿದು ತೋರಿಸುತ್ತಿದೆ ಎಂದು ನನಗೆ ಪ್ರತಿ ಸಲ ಅನಿಸುತ್ತದೆ. ಮುತ್ತುಗದ ಬೇರು, ಆಲದ ಬಿಳಲಿನ ತೊಗಟೆ, ಕತ್ತಾಳೆ, ಬಾಳೆಯ ಪಟ್ಟೆ, ಎಲ್ಲದರಲ್ಲೂ ನಾರುಂಟು. ಬಾಳೆನಾರು ನೋಡಲು ಚೆಂದ, ಕವಣೆಯ ಜಗ್ಗಾಟಕ್ಕೆ ನಾನು ನಂಬುವುದಿಲ್ಲ.

ಹುರಿ ಆದ ಮೇಲೆ ಕವಣೆ ಹೆಣೆಯುವುದು. ಎರಡೂ ಕೈ ಚಾಚಿದರೆ ಒಂದು ಮಾರು; ಮುಗಿದ ಕವಣೆ ಬಿಚ್ಚಿದಾಗ ಅಷ್ಟು ಉದ್ದವಿರಬೇಕು. ಮಡಚಿ ಹಿಡಿದರೆ ಎದೆಯ ನಡುವಿನಿಂದ ಬೆರಳ ತುದಿಯವರೆಗೆ. ಹೀಗಾಗಿ ಪ್ರತಿಯೊಬ್ಬರ ಕವಣೆಯೂ ಅವರವರ ಮೈಯ ಅಳತೆಯದು. ಜಡೆ ಹೆಣೆದಾಗ ಉದ್ದ ಕುಗ್ಗುವುದರಿಂದ ಒಂದೂವರೆ ಮಾರಿನ ಮೂರು ಹುರಿ ಬೇಕು. ಶುರುವಿನಲ್ಲಿ ನಡುಬೆರಳು ತೂರುವಷ್ಟು ಒಂದು ಕುಣಿಕೆ ಬಿಟ್ಟು, ಹೆಣ್ಣುಮಕ್ಕಳ ಜಡೆಯ ಹಾಗೆ ಮೂರೆಳೆ ಹೆಣೆಯುತ್ತಾ ಬರಬೇಕು. ನಡುವಿಗೆ ಬಂದಾಗ ಹೆಣಿಗೆ ನಿಲ್ಲಿಸಿ, ಮೂರು ಹುರಿಗಳನ್ನೂ ಪಕ್ಕಪಕ್ಕಕ್ಕೆ ಮಲಗಿಸಿ, ಒಂದು ಸಣ್ಣ ಹುರಿಯನ್ನು ಅಡ್ಡಡ್ಡ ಮೇಲೊಮ್ಮೆ ಕೆಳಗೊಮ್ಮೆ ತೂರಿಸುತ್ತಾ ಚಾಪೆ ನೇಯ್ದಂತೆ ನೇಯಬೇಕು. ಎರಡು ಕೊನೆಯಲ್ಲಿ ಬಿಗಿಯಾಗಿ, ನಡುವೆ ಸಡಿಲವಾಗಿ ನೇಯ್ದರೆ ಅದು ತಾನಾಗಿ ಬೊಗಸೆಯಂತೆ ತಗ್ಗಾಗುತ್ತದೆ. ಮೂರು ಬೆರಳು ಅಗಲ, ಒಂದು ಅಂಗೈ ಉದ್ದ ಸಾಕು. ಚರ್ಮದ ತುಂಡು ಸಿಕ್ಕರೆ ಅದನ್ನೂ ಕಟ್ಟುತ್ತಾರೆ. ಆದರೆ ನೇಯ್ದದ್ದೇ ಮೇಲು ಎಂದು ನನ್ನ ಅಭಿಪ್ರಾಯ, ಅದರ ಕಣ್ಣುಗಳು ಉಂಡೆಯನ್ನು ಹಿಡಿದುಕೊಳ್ಳುತ್ತವೆ. ಅಲ್ಲಿಂದ ಮುಂದೆ ಮತ್ತೆ ಜಡೆ. ಕೊನೆಗೆ ಬೆರಳಿಗೆ ಸಿಗುವಷ್ಟು ಒಂದು ಗಂಟು, ಗಂಟಿನಾಚೆ ಒಂದು ಗೇಣು ನಾರಿನ ಕುಚ್ಚು. ಛಟ್ಟೆನ್ನುವುದು ಆ ಕುಚ್ಚೇ. ಚಾಟಿಯ ಹಾಗೆ ಅದರ ತುದಿ ಗಾಳಿಯಲ್ಲಿ ಶಬ್ದದ ವೇಗವನ್ನು ದಾಟಿದಾಗ ಆ ಸಿಡಿತ ಹುಟ್ಟುತ್ತದೆ.

ಈ ವಸ್ತು ಎಲ್ಲೆಲ್ಲಿ ಇತ್ತು ಎಂದು ನೋಡುತ್ತಾ ಹೋದರೆ ಇಲ್ಲದ ಕಡೆಯನ್ನು ಹೇಳುವುದೇ ಸುಲಭ. ಮರಾಠಿಯಲ್ಲಿ ಗೋಫಣ, ತೆಲುಗಿನಲ್ಲಿ ವಡಿಸೆಲ, ತಮಿಳಿನಲ್ಲಿ ನಮ್ಮದೇ ಪದ, ಕವಣ್. ಸಂಗಂ ಸಾಹಿತ್ಯದಲ್ಲಿ ಗುಡ್ಡಗಾಡಿನ ಹುಡುಗಿಯರು ನವಣೆ ಹೊಲಕ್ಕೆ ಬೀಳುವ ಗಿಳಿಗಳನ್ನು ಅಟ್ಟುತ್ತಾ ಕಾವಲು ಕೂರುತ್ತಾರೆ; ಅಲ್ಲಿ ಕವಣ್ ಕೂಡ ಬರುತ್ತದೆ. ಟಿಬೆಟಿನ ಕುರಿಗಾಹಿಗಳು ಯಾಕ್ ಉಣ್ಣೆಯಲ್ಲಿ, ಆಂಡೀಸ್ ಬೆಟ್ಟದವರು ಲಾಮಾ ಉಣ್ಣೆಯಲ್ಲಿ ಹೆಣೆಯುತ್ತಾರೆ. 1922ರಲ್ಲಿ ತೆರೆದ ಈಜಿಪ್ಟಿನ ತುತಾಂಖಾಮನ್ ದೊರೆಯ ಸಮಾಧಿಯಲ್ಲಿ ಬಂಗಾರದ ರಾಶಿಯ ಜೊತೆಗೆ ಒಂದು ಜೊತೆ ಕವಣೆಗಳೂ ಇದ್ದವು. ಅವು ಅಗಸೆನಾರಿನವು; ನಾವು ಹಿಂಡಿ ಕುಟ್ಟುವ ಅದೇ ಅಗಸಿಯ ಗಿಡದ್ದು.

ಮೆಡಿಟರೇನಿಯನ್ ಸಮುದ್ರದ ಬಲೆಯಾರಿಕ್ ದ್ವೀಪದವರು ಕವಣೆಗೆ ಹೆಸರಾದವರು. ಅವರು ಜೊಂಡು, ಕೂದಲು ಅಥವಾ ಪ್ರಾಣಿಯ ನರದಿಂದ ಮಾಡಿದ ಮೂರು ಕವಣೆಗಳನ್ನು ತಲೆಗೆ ಸುತ್ತಿಕೊಂಡಿರುತ್ತಿದ್ದರು ಎಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ಉದ್ದದ್ದು ದೂರಕ್ಕೆ, ಗಿಡ್ಡದ್ದು ಹತ್ತಿರಕ್ಕೆ, ನಡುವಿನದು ನಡುವಿನ ಅಂತರಕ್ಕೆ. ಕಂಬದ ಮೇಲಿಟ್ಟ ರೊಟ್ಟಿಗೆ ಕಲ್ಲು ಮುಟ್ಟಿಸುವ ತನಕ ಅಲ್ಲಿಯ ತಾಯಂದಿರು ಮಕ್ಕಳಿಗೆ ಉಣ್ಣಲು ಕೊಡುತ್ತಿರಲಿಲ್ಲ ಎಂಬ ಮಾತು ಹಳೆಯ ಲೇಖಕರಲ್ಲಿ ಒಬ್ಬಿಬ್ಬರದಲ್ಲ.

ಆದರೆ ಕವಣೆಯ ನಿಜವಾದ ಗುಣ ತೋರಿಸುವ ಕಥೆ ಇನ್ನೊಂದು. ಕ್ರಿ.ಪೂ. 401ರಲ್ಲಿ ಪರ್ಷಿಯಾದ ನಡುನಾಡಿನಲ್ಲಿ ಹತ್ತು ಸಾವಿರ ಗ್ರೀಕ್ ಕೂಲಿ ಸೈನಿಕರು ದಿಕ್ಕೆಟ್ಟು ನಿಂತಿದ್ದರು. ಅವರನ್ನು ಕರೆತಂದ ರಾಜಕುಮಾರ ಸತ್ತಿದ್ದ, ಸೇನಾಪತಿಗಳನ್ನು ಮೋಸದಿಂದ ಕೊಂದಿದ್ದರು, ಊರು ನೂರಾರು ಹರದಾರಿ ದೂರ. ಜಾಬ್ ನದಿ ದಾಟಿದ ದಿನ ಶತ್ರುವಿನ ಬಿಲ್ಲುಗಾರರೂ ಕವಣೆಯವರೂ ದೂರದಿಂದಲೇ ಕಾಡಿದ್ದರಿಂದ ಅವರಿಗೆ ಐದು ಕಿಲೋಮೀಟರ್ ಕೂಡ ಸರಿಯಾಗಿ ನಡೆಯಲಾಗಲಿಲ್ಲ. ಆ ರಾತ್ರಿ ಅವರಲ್ಲೇ ಒಬ್ಬನಾದ ಕ್ಸೆನೊಫೋನ್ ಎದ್ದು ಹೇಳಿದ: ನಮ್ಮ ಪಡೆಯಲ್ಲಿ ರೋಡ್ಸ್ ದ್ವೀಪದವರಿದ್ದಾರೆ, ಅವರಿಗೆ ಕವಣೆ ಬರುತ್ತದೆ. ಯಾರ ಬಳಿ ಕವಣೆ ಇದೆಯೋ ಅವರಿಗೆ ಹಣ ಕೊಡೋಣ, ಹೊಸದು ಹೆಣೆದುಕೊಡುವವರಿಗೂ ಕೊಡೋಣ. ಬೆಳಗಾಗುವುದರೊಳಗೆ ಸುಮಾರು ಇನ್ನೂರು ಜನ ಕವಣೆಗಾರರು ಸಿದ್ಧರಾಗಿದ್ದರು. ಈ ಸಂಗತಿಯನ್ನು ಕ್ಸೆನೊಫೋನನೇ ತನ್ನ ‘ಅನಾಬಾಸಿಸ್’ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಶತ್ರುವಿನ ನೆಲದಲ್ಲಿ, ಒಂದೇ ರಾತ್ರಿಯಲ್ಲಿ ಬೇರೆ ಯಾವ ಆಯುಧವನ್ನು ಹೀಗೆ ಕೈಯಾರೆ ಹೆಚ್ಚಿಸಿಕೊಳ್ಳಲು ಸಾಧ್ಯವಿತ್ತು? ಕತ್ತಿಗೆ ಕುಲುಮೆ ಬೇಕಿತ್ತು. ಇದಕ್ಕೆ ಬೇಕಾದದ್ದು ಬಲ್ಲ ಬೆರಳುಗಳು.

ಇನ್ನು ಉಂಡೆ. ಹಳ್ಳದ ದಂಡೆಯವರು ನೀರಿಗೆ ನುಣುಪಾದ ಗುಂಡುಗಲ್ಲು ಆರಿಸಿಕೊಳ್ಳುತ್ತಾರೆ. ನಮ್ಮ ಎರಿಭೂಮಿಯಲ್ಲಿ ಕಲ್ಲೇ ಅಪರೂಪ; ಇದ್ದರೂ ಮುತ್ಯಾ ಬಳಸುತ್ತಿರಲಿಲ್ಲ. ಕಲ್ಲು ಬಿದ್ದರೆ ತೆನೆ ಮುರಿಯುತ್ತದೆ, ಮಗ್ಗುಲ ಹೊಲದ ಎತ್ತಿಗೋ ಆಳಿಗೋ ತಾಗುತ್ತದೆ, ಮುಂದಿನ ವರ್ಷ ಕುಂಟೆಗೆ ಅಡ್ಡ ಬರುತ್ತದೆ. ಮಣ್ಣಿನ ಉಂಡೆಯಾದರೆ ಬಿದ್ದ ಕಡೆ ಒಡೆದು ಮಣ್ಣಿಗೆ ಮಣ್ಣಾಗುತ್ತದೆ. ನೆನೆಸಿದ ಎರಿಮಣ್ಣಿಗೆ ಒಂದಿಷ್ಟು ಹೊಟ್ಟು ಕಲಸಿ, ನಿಂಬೆಹಣ್ಣಿನ ಗಾತ್ರಕ್ಕೆ, ಕೋಳಿಮೊಟ್ಟೆಯ ಹಾಗೆ ತುಸು ನೀಳವಾಗಿ ಉಂಡೆ ಕಟ್ಟುತ್ತಿದ್ದ. ಎರಡು ದಿನ ನೆರಳಲ್ಲಿ, ಆಮೇಲೆ ಬಿಸಿಲಲ್ಲಿ. ‘ಎರಿಮಣ್ಣಿಗೆ ಅವಸರ ಮಾಡಬಾರ್ದು, ಬಾಯಿ ಬಿಡತೈತಿ’ ಅನ್ನುತ್ತಿದ್ದ. ಎಲ್ಲ ಉಂಡೆಗಳೂ ಒಂದೇ ತೂಕ ಇರಬೇಕೆಂಬುದರಲ್ಲಿ ಬಹಳ ಕಟ್ಟುನಿಟ್ಟು. ಕೈಗೆ ಒಂದೊಂದು ಸಲ ಒಂದೊಂದು ತೂಕ ಬಂದರೆ ಗುರಿ ನಿಲ್ಲುವುದಿಲ್ಲ. ಸಿರಿಯಾದ ಹಮೂಕರ್ ಎಂಬಲ್ಲಿ, ಕ್ರಿ.ಪೂ. 3500ರ ಸುಮಾರಿಗೆ ಹಾಳಾದ ಪಟ್ಟಣವೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಮಣ್ಣಿನ ಕವಣೆಯುಂಡೆಗಳು ಸಿಕ್ಕವು. ಅವೂ ಮೊಟ್ಟೆಯಾಕಾರದವೇ.

ಬೀಸುವುದನ್ನು ಬರೆದು ಕಲಿಸಲಾಗದು, ಆದರೂ ಮುಖ್ಯವಾದದ್ದನ್ನು ಹೇಳಬಹುದು. ಕುಣಿಕೆ ನಡುಬೆರಳಿಗೆ, ಗಂಟು ಹೆಬ್ಬೆರಳು ತೋರುಬೆರಳ ನಡುವೆ. ಉಂಡೆ ಕೂಡಿಸಿ, ಎಡಗೈಯಲ್ಲಿ ಎತ್ತಿ ಹಿಡಿದು ತೂಗಿ ನೋಡಿ, ಬಿಟ್ಟು, ತಲೆಯ ಮೇಲೆ ಒಂದು ಸುತ್ತು. ಹತ್ತು ಸುತ್ತು ಗರಗರ ತಿರುಗಿಸುವುದು ಚಿತ್ರದಲ್ಲಿ ಕಾಣುತ್ತದೆ, ಅದರಿಂದ ಲಾಭವಿಲ್ಲ. ವೇಗ ಹುಟ್ಟುವುದು ಕೊನೆಯ ಬೀಸಿನಲ್ಲಿ, ಕಾಲು ಮುಂದಿಟ್ಟು ಸೊಂಟ ತಿರುಗಿ ತೋಳು ಚಾಚುವ ಆ ಒಂದು ಕ್ಷಣದಲ್ಲಿ. ಕೈ ಗುರಿಯ ಕಡೆ ಚಾಚಿದಾಗ ಬೆರಳು ಸಡಿಲಿಸಬೇಕು. ಕಣ್ಣೆವೆಯಷ್ಟು ಮುಂಚೆ ಬಿಟ್ಟರೆ ಉಂಡೆ ಒಂದು ಮಗ್ಗುಲಿಗೆ, ತಡವಾಗಿ ಬಿಟ್ಟರೆ ಇನ್ನೊಂದು ಮಗ್ಗುಲಿಗೆ. ಕಲಿಯುವವನ ಉಂಡೆ ಹಿಂದಕ್ಕೂ ಹಾರುತ್ತದೆ. ಅದಕ್ಕೇ ಸುತ್ತ ನಾಲ್ಕೂ ದಿಕ್ಕಿಗೆ ಯಾರೂ ಇಲ್ಲದ ಬಯಲಿನಲ್ಲಿ, ಒದ್ದೆ ಮಣ್ಣಿನ ಮೆತ್ತನೆ ಉಂಡೆಯಿಂದ ಕಲಿಯಬೇಕು.

ಕವಣೆ ಮಾಡುವುದೇನೆಂದರೆ, ತೋಳನ್ನು ಒಂದು ಮೊಳಕ್ಕೂ ಹೆಚ್ಚು ಉದ್ದ ಮಾಡುತ್ತದೆ. 100 ಗ್ರಾಂ ತೂಕದ ಉಂಡೆ 80 ಸೆಂಟಿಮೀಟರ್ ಹುರಿಯ ತುದಿಯಲ್ಲಿ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ತಿರುಗಿದರೆ, 11 ಕಿಲೋಗೂ ಮಿಗಿಲಾದ ತೂಕ ನೇತುಹಾಕಿದಷ್ಟು ಬಲದಿಂದ ಹುರಿಯನ್ನು ಜಗ್ಗುತ್ತದೆ. ನಿಂಬೆಹಣ್ಣಿನಷ್ಟು ಮಣ್ಣು! ತೊಡೆಯ ಮೇಲೆ ಹೊಸೆದ ಪುಂಡಿನಾರು ಅದನ್ನು ದಿನಕ್ಕೆ ನೂರು ಸಲ ತಡೆದುಕೊಳ್ಳುತ್ತದೆ. ಅಮೆರಿಕದ ಲ್ಯಾರಿ ಬ್ರೇ ಎಂಬಾತ 1981ರಲ್ಲಿ 129.5 ಸೆಂಟಿಮೀಟರ್ ಉದ್ದದ ಕವಣೆಯಿಂದ 52 ಗ್ರಾಂ ಕಲ್ಲನ್ನು 437.10 ಮೀಟರ್ ಎಸೆದು ದಾಖಲೆ ಮಾಡಿದ. ನಮ್ಮ ಹುಡುಗರ ಕೈಯ ರಬ್ಬರಿನ ಚಾಟರಬಿಲ್ಲು ಇದರ ತಮ್ಮನಂತೆ ಕಂಡರೂ ವಯಸ್ಸಿನಲ್ಲಿ ಮೊಮ್ಮಗನ ಮೊಮ್ಮಗ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಹದಗೊಳಿಸುವುದನ್ನು ಕಂಡುಹಿಡಿದ ಮೇಲೆಯೇ ಅದು ಸಾಧ್ಯವಾದದ್ದು.

ಒಂದು ಮಾತನ್ನು ನೇರವಾಗಿ ಹೇಳಬೇಕು. ಕಾಡಿನಲ್ಲಿ ದಾರಿ ತಪ್ಪಿದವನು ಕವಣೆ ಹೆಣೆದ ಮರುದಿನವೇ ಮೊಲ ಹೊಡೆದು ಉಣ್ಣುತ್ತಾನೆ ಎಂದುಕೊಂಡರೆ ಅದು ಸುಳ್ಳು. ಗುರಿ ಬರಲು ವರ್ಷಗಳು ಬೇಕು, ಚಿಕ್ಕಂದಿನಲ್ಲೇ ಶುರು ಮಾಡಿದವರದ್ದೇ ಕೈ. ಅಂಥವನಿಗೆ ನಿಜವಾಗಿ ಜೀವ ಉಳಿಸುವುದು ಹುರಿ ಹೊಸೆಯುವ ವಿದ್ಯೆ. ಹುರಿ ಗೊತ್ತಿದ್ದರೆ ಚಪ್ಪರ ಕಟ್ಟಬಹುದು, ಗಾಳ ಬಿಡಬಹುದು, ಮುರಿದ ಕಾಲಿಗೆ ದಬ್ಬೆ ಬಿಗಿಯಬಹುದು. ಮತ್ತು ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ಕವಣೆ ಕಲಿಯುವವರು ಬೇಲಿಯ ಮೇಲೆ ಮಡಕೆಚೂರು ಇಟ್ಟು ಕಲಿಯಲಿ. ಹೊಲ ಕಾಯುವವರಿಗೆ ಹಕ್ಕಿ ಎದ್ದು ಹೋದರೆ ಸಾಕು. ಜೋಳದ ಕಾಲ ಮುಗಿದರೆ ಕಬ್ಬಕ್ಕಿ ಮಿಡತೆ ತಿನ್ನುವ ಹಕ್ಕಿ, ರೈತನ ಗೆಳೆಯ.

ಈಗ ಮಂಚಿಕೆಗಳು ಅಪರೂಪ. ಹೊಲದಲ್ಲಿ ಹೊಳೆಯುವ ರಿಬ್ಬನ್ನು, ಬಲೆ, ಪಟಾಕಿ ಬಂದಿವೆ. ಎಲ್ಲೋ ಒಬ್ಬಿಬ್ಬರು ಕವಣೆ ಬೀಸುವವರಿದ್ದರೂ ಅದು ಪ್ಲಾಸ್ಟಿಕ್ ಹಗ್ಗದ್ದು. ಅದು ಬೇಗ ಹರಿಯುವುದಿಲ್ಲ ನಿಜ, ಆದರೆ ಜಾರುತ್ತದೆ, ಬೆರಳಿಗೆ ಹಿಡಿತ ಕೊಡುವುದಿಲ್ಲ. ಪುಂಡಿಯನ್ನು ಎಲ್ಲರೂ ಪಲ್ಯಕ್ಕೆ ಬೆಳೆಯುತ್ತಾರೆ, ನಾರಿಗೆ ಬಿಡುವವರು ಕಡಿಮೆ. ಕುಡಿ ಚಿವುಟಿದ ಗಿಡ ಕವಲೊಡೆಯುತ್ತದೆ, ಕವಲೊಡೆದ ಗಿಡದಲ್ಲಿ ನೀಳ ನಾರು ಸಿಗುವುದಿಲ್ಲ.

ನಿಮಗೆ ಹೊಲವಿದ್ದರೆ, ಹಿತ್ತಲಿದ್ದರೆ, ಈ ಮುಂಗಾರಿಗೆ ಒಂದು ಸಾಲು ಪುಂಡಿಯನ್ನು ಒತ್ತಾಗಿ ಬಿತ್ತಿ. ಅದರ ಕುಡಿ ಚಿವುಟಬೇಡಿ, ಆಳೆತ್ತರ ಬೆಳೆಯಲು ಬಿಡಿ. ಹೂವಾದಾಗ ಕೊಯ್ದು, ಕೊಳೆಹಾಕಿ, ನಾರು ಬಿಡಿಸಿ, ಒಣಗಿಸಿ. ಆಮೇಲೆ ಆ ಒಂದು ಹಿಡಿ ನಾರನ್ನು ಮನೆಯಲ್ಲೋ ಓಣಿಯಲ್ಲೋ ಇರುವ ಹಿರಿಯರ ಮುಂದಿಟ್ಟು, ಒಂದು ಮಾರು ಹುರಿ ಹೊಸೆದು ತೋರಿಸಿ ಎಂದು ಕೇಳಿ. ಪಕ್ಕದಲ್ಲಿ ಕೂತು, ಅವರ ಅಂಗೈ ಯಾವ ಕಡೆ ಹೋಗಿ ಯಾವ ಕಡೆ ಬರುತ್ತದೆ ಎಂದು ಸರಿಯಾಗಿ ನೋಡಿಕೊಳ್ಳಿ.